ಬೋಟಿನ ಬೆಂಕಿಯಲ್ಲಿ ಸುಟ್ಟ ಕೈ: ಗಾಯ ಒಣಗಿದರೂ ಕಾಟ ಮುಗಿದಿಲ್ಲ, ಈಗ ಏನು ಮಾಡಬಹುದು?

ತೆಂಕುಗಾಳಿ, ಮಲ್ಪೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ ಉತ್ತರ ಕೊಡಿ.

ನಾನು ಟ್ರಾಲ್ ಮೀನುಗಾರಿಕೆ ಬೋಟಿನಲ್ಲಿ ಕಲಾಸಿ, ಅಂದರೆ ಬಲೆ, ಹಗ್ಗ ಎಳೆಯುವ ಕೆಲಸದವನಾಗಿದ್ದೆ. 2021ರಲ್ಲಿ ಆಳಸಮುದ್ರದಲ್ಲಿದ್ದಾಗ ನಮ್ಮ ಬೋಟಿಗೆ ಬೆಂಕಿ ಬಿತ್ತು. ಅಡುಗೆ ಸಿಲಿಂಡರಿನ ಗ್ಯಾಸ್ ರಾತ್ರಿಯಿಡೀ ಸೋರಿತ್ತು. ಬೆಳಗಿನ ಜಾವ ಚಹಾಕ್ಕೆ ಒಲೆ ಹಚ್ಚಿದ್ದೇ ತಡ, ಕ್ಯಾಬಿನ್ ಹೊತ್ತಿಕೊಂಡಿತು. ಹತ್ತಿರ ಇದ್ದ ಬೋಟಿನವರು ಬಂದು ಎಲ್ಲರನ್ನೂ ಎತ್ತಿಕೊಂಡರು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ನನಗೆ ಬಲಗೈ, ಕುತ್ತಿಗೆಯ ಬಲಬದಿ, ಎದೆಯ ಮೇಲ್ಭಾಗ ಸುಟ್ಟವು. ತೊಡೆಯ ಚರ್ಮ ತೆಗೆದು ಕಸಿ ಮಾಡಿದರು. ಗಾಯ ಒಣಗಿತು, ಮನೆಗೆ ಕಳಿಸಿದರು.

ನಿಜವಾದ ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ಕಿರುಬೆರಳು, ಉಂಗುರದ ಬೆರಳು ಮೆಲ್ಲಗೆ ಅಂಗೈ ಕಡೆ ಮಡಚಿಕೊಂಡವು. ಈಗ ಬಿಡಿಸಲು ಆಗುವುದಿಲ್ಲ. ಬಲೆ ಸೂಜಿಯಿಂದ ಗಂಟು ಹಾಕಿ ಎಳೆಯುವಾಗ ಆ ಬೆರಳುಗಳಿಗೇ ನೂಲು ಸಿಕ್ಕಿಕೊಳ್ಳುತ್ತದೆ. ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಬೇಸಿಗೆಯಲ್ಲಿ ಒಳಗೇ ಬೇಯುತ್ತದೆ, ಸುಟ್ಟ ಜಾಗದಲ್ಲಿ ಒಂದು ಹನಿ ಬೆವರು ಬರುವುದಿಲ್ಲ. ರಾತ್ರಿಯಾದರೆ ತುರಿಕೆ. ಕೆರೆದು ಕೆರೆದು ರಕ್ತ ಬಂದದ್ದೂ ಇದೆ.

ಸದ್ಯಕ್ಕೆ ದಕ್ಕೆಯಲ್ಲಿ, ಬೋಟು ನಿಲ್ಲುವ ಕಟ್ಟೆಯಲ್ಲಿ, ಬಲೆ ರಿಪೇರಿ ಮಾಡುತ್ತಿದ್ದೇನೆ. ಸಂಪಾದನೆ ಸಾಲುವುದಿಲ್ಲ. ಜೂನ್, ಜುಲೈ ರಜೆ ಮುಗಿದು ಆಗಸ್ಟಿನಲ್ಲಿ ಬೋಟು ಹೊರಡುವಾಗ ನಾನೂ ಹೋಗಬೇಕು ಅಂತ ಆಸೆ. ಮನೆಯಲ್ಲಿ ಬೇಡವೇ ಬೇಡ ಅನ್ನುತ್ತಾರೆ. ಇಷ್ಟು ವರ್ಷ ಆದ ಮೇಲೆ ಬೆರಳಿಗೆ ಆಪರೇಷನ್ ಮಾಡಿಸಿದರೆ ಉಪಯೋಗ ಇದೆಯಾ? ತುರಿಕೆಗೆ ಏನಾದರೂ ಮದ್ದು ಇದೆಯಾ? ಇದನ್ನೆಲ್ಲ ದಾಟಿ ಮತ್ತೆ ಕಡಲಿಗೆ ಹೋದವರು ಯಾರಾದರೂ ಇದ್ದೀರಾ?

ಶಾಂಭವಿ ತೀರ:
ಅಣ್ಣ, ಓದಿ ತುಂಬ ಬೇಜಾರಾಯ್ತು. ನನ್ನ ಅಮ್ಮನಿಗೆ ಸೀಮೆಎಣ್ಣೆ ಸ್ಟೌ ಸಿಡಿದು ಎರಡೂ ತೋಳು ಸುಟ್ಟಿತ್ತು. ತುರಿಕೆ ಏನು ಅಂತ ಆ ಮನೆಯವರಿಗೇ ಗೊತ್ತು. ನಾವು ಮಾಡುತ್ತಿದ್ದದ್ದು ಇಷ್ಟೇ. ಸ್ನಾನಕ್ಕೆ ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರು. ಮೈ ಪೂರ್ತಿ ಒಣಗುವ ಮೊದಲೇ ತೆಂಗಿನೆಣ್ಣೆ. ಹಳೆ ಹತ್ತಿ ಸೀರೆಯಿಂದ ಹೊಲಿದ ಸಡಿಲ ರವಿಕೆ. ತುರಿಕೆ ಬಂದಾಗ ಕೆರೆಯುವ ಬದಲು ಒದ್ದೆ ಬಟ್ಟೆ ಇಟ್ಟು ಅಂಗೈಯಿಂದ ಮೆಲ್ಲಗೆ ತಟ್ಟುವುದು. ರಾತ್ರಿಗೆ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಅದರಿಂದ ನಿದ್ದೆಯಾದರೂ ಬರುತ್ತಿತ್ತು.

ಕೈಗುಣ, ಫಿಸಿಯೋಥೆರಪಿಸ್ಟ್:
@ತೆಂಕುಗಾಳಿ, ಮೊದಲು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಉಪಯೋಗ ಇದೆ. ವರ್ಷ ಕಳೆಯಿತು ಅಂತ ಬಾಗಿಲು ಮುಚ್ಚಿಲ್ಲ.

ಚರ್ಮ ಆಳವಾಗಿ ಸುಟ್ಟಾಗ ಗಾಯ ಮುಚ್ಚುವುದೇ ಕಲೆಯ ಚರ್ಮದಿಂದ. ಆ ಚರ್ಮಕ್ಕೆ ಸದಾ ಒಳಕ್ಕೆ ಎಳೆದುಕೊಳ್ಳುವ ಗುಣ. ಕಲೆ ಮಾಗಲು ಒಂದರಿಂದ ಎರಡು ವರ್ಷ ಬೇಕು. ಅಷ್ಟು ದಿನವೂ ಅದು ಬೆರಳನ್ನು, ಕತ್ತನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕೇ ಆ ಅವಧಿಯಲ್ಲಿ ಬೆರಳನ್ನು ನೆಟ್ಟಗೆ ಹಿಡಿಯುವ ಸ್ಪ್ಲಿಂಟ್, ವ್ಯಾಯಾಮ, ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು ಅಂದರೆ ಪ್ರೆಶರ್ ಗಾರ್ಮೆಂಟ್, ಕಲೆಯ ಮೇಲೆ ಅಂಟಿಸುವ ಸಿಲಿಕಾನ್ ಶೀಟ್ ಅಂತ ಹೇಳುವುದು. ಗಾರ್ಮೆಂಟನ್ನು ದಿನಕ್ಕೆ 23 ಗಂಟೆ ಹಾಕಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಎಷ್ಟು ಕಷ್ಟ ಅಂತ ಗೊತ್ತು.

ನಿಮ್ಮ ಕಲೆ ಈಗ ಮಾಗಿದೆ. ಹಾಗಾಗಿ ಈಗ ಹೊಸದಾಗಿ ಗಾರ್ಮೆಂಟ್ ಹಾಕಿದರೆ ಹೆಚ್ಚು ಲಾಭ ಇಲ್ಲ. ಮಡಚಿದ ಬೆರಳು ಬರೀ ವ್ಯಾಯಾಮದಿಂದ ಬಿಡಿಸಿಕೊಳ್ಳುವುದೂ ಕಷ್ಟ. ಪ್ಲಾಸ್ಟಿಕ್ ಸರ್ಜನ್ ನೋಡಬೇಕು. ಬಿಗಿದ ಚರ್ಮವನ್ನು ಕೊಯ್ದು ಸಡಿಲ ಮಾಡಿ, ಬಾಕಿಯಾದ ಜಾಗಕ್ಕೆ ಹೊಸ ಚರ್ಮ ಕೂರಿಸುತ್ತಾರೆ. ಬಿಗಿತ ಒಂದು ಗೆರೆಯ ಹಾಗಿದ್ದರೆ 'ಝಡ್' ಆಕಾರದಲ್ಲಿ ಕೊಯ್ದು ಅಲ್ಲಿಯ ಚರ್ಮವನ್ನೇ ಅದಲುಬದಲು ಮಾಡಿ ಉದ್ದ ಮಾಡುವುದೂ ಇದೆ.

ಆದರೆ ಒಂದು ಮಾತು. ಆಪರೇಷನ್ ಅರ್ಧ ಕೆಲಸ. ಉಳಿದರ್ಧ ಆಮೇಲಿನ ತಿಂಗಳುಗಳಲ್ಲಿ ಸ್ಪ್ಲಿಂಟು, ಫಿಸಿಯೋ. ಅದನ್ನು ಬಿಟ್ಟರೆ ಬೆರಳು ಮತ್ತೆ ಮಡಚಿಕೊಳ್ಳುತ್ತದೆ. ಕೀಲು ಗಟ್ಟಿಯಾಗಿದೆಯಾ, ಬರೀ ಚರ್ಮ ಎಳೆದಿದೆಯಾ ಅನ್ನುವುದರ ಮೇಲೆ ಎಷ್ಟು ಬಿಡಿಸಿಕೊಳ್ಳುತ್ತದೆ ಅಂತ ಹೇಳಬಹುದು. ಫೋಟೋ ನೋಡಿ ಹೇಳುವುದು ತಪ್ಪಾಗುತ್ತದೆ, ಕೈ ಮುಟ್ಟಿ ನೋಡಬೇಕು.

ದಕ್ಕೆ ಭಾವ:
ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಮಾರಾಯ್ರೆ. ಸುಟ್ಟರೆ ಕಡಲ ನೀರಿನಲ್ಲಿ ಅದ್ದುವುದು. ಉಪ್ಪು ನೀರು ಎಲ್ಲ ಗಾಯಕ್ಕೂ ಮದ್ದು. ನನ್ನ ಕಾಲು ಸೈಲೆನ್ಸರಿಗೆ ತಾಗಿ ಸುಟ್ಟದ್ದು ಹಾಗೇ ವಾಸಿ ಆಗಿತ್ತು. ಈಗಿನ ಹುಡುಗರು ಆಸ್ಪತ್ರೆಗೆ ದುಡ್ಡು ಸುರಿಯುತ್ತಾರೆ.

ಬಿಳಿಸೆರಗು, ನರ್ಸ್:
@ದಕ್ಕೆ ಭಾವ, ದಯವಿಟ್ಟು ಹೀಗೆ ಬರೆಯಬೇಡಿ. ಇದನ್ನು ಓದಿ ಯಾರಾದರೂ ನಾಳೆ ಹಾಗೇ ಮಾಡಿಬಿಡುತ್ತಾರೆ. ಬಂದರಿನ ನೀರಿನಲ್ಲಿ ಡೀಸೆಲ್, ಮೀನಿನ ಕೊಳಕು, ರೋಗಾಣು ಎಲ್ಲ ಇರುತ್ತವೆ. ಸುಟ್ಟ ಚರ್ಮಕ್ಕೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಸೋಂಕು ಹಿಡಿದರೆ ಗಾಯ ಇನ್ನೂ ಆಳಕ್ಕೆ ಹೋಗುತ್ತದೆ. ಆಳಕ್ಕೆ ಹೋದಷ್ಟೂ ಕಲೆ ಜಾಸ್ತಿ, ಬಿಗಿತ ಜಾಸ್ತಿ.

ಸುಟ್ಟ ತಕ್ಷಣ ಮಾಡಬೇಕಾದ್ದು ಒಂದೇ. ತಣ್ಣಗಿನ ಸಿಹಿನೀರನ್ನು 20 ನಿಮಿಷ ಸತತವಾಗಿ ಹಾಕುವುದು. ತಡವಾಗಿದ್ದರೂ ಸುಟ್ಟ ಮೂರು ಗಂಟೆಯೊಳಗೆ ಹಾಕಿದರೆ ಪ್ರಯೋಜನ ಇದೆ. ಉಂಗುರ, ವಾಚು, ದಾರ ಬೇಗ ತೆಗೆಯಿರಿ, ಆಮೇಲೆ ಊತ ಬಂದು ತೆಗೆಯಲಾಗದು. ಬೋಟಿನಲ್ಲಿ ಐಸ್ ಕೈಗೆಟಕುವಷ್ಟು ಹತ್ತಿರ ಇರುತ್ತದೆ, ಅದನ್ನು ಮಾತ್ರ ಗಾಯಕ್ಕೆ ಇಡಬೇಡಿ. ಟೂತ್‌ಪೇಸ್ಟ್, ಶಾಯಿ, ದೋಸೆ ಹಿಟ್ಟು, ಅರಿಶಿನ ಯಾವುದೂ ಬೇಡ. ಶುಭ್ರ ಬಟ್ಟೆ ಮುಚ್ಚಿ ದಡಕ್ಕೆ ತನ್ನಿ.

ದಕ್ಕೆ ಭಾವ:
ಸಿಹಿನೀರು 20 ನಿಮಿಷ ಹಾಕಲು ಬೋಟಿನಲ್ಲಿ ಎಲ್ಲಿಂದ ತರುವುದು ತಂಗಿ? ಕುಡಿಯಲಿಕ್ಕೇ ಲೆಕ್ಕ ಹಾಕಿ ತೆಗೆದುಕೊಂಡು ಹೋಗುವುದು. ದಡ ಮುಟ್ಟಲು ಹತ್ತು ಹನ್ನೆರಡು ಗಂಟೆ ಬೇಕು. ಅಲ್ಲಿ ಇರುವುದು ಕಡಲ ನೀರು ಮಾತ್ರ.

ಬಿಳಿಸೆರಗು, ನರ್ಸ್:
ನಿಮ್ಮ ಪ್ರಶ್ನೆ ಸರಿಯಾಗಿದೆ ಭಾವ. ಕುಡಿಯುವ ನೀರಿನ ಡ್ರಮ್ಮಿನಿಂದಲೇ ಹಾಕಿ ಅನ್ನುತ್ತೇನೆ. ಒಬ್ಬನ ಕೈ ಉಳಿಯುವುದಾದರೆ ಬೋಟು ಹೇಗಿದ್ದರೂ ತಿರುಗಿಸಲೇಬೇಕು, ನೀರು ಯಾಕೆ ಉಳಿಸಿಕೊಳ್ಳುವುದು? ಮೈಗೆ ಬೆಂಕಿ ಹತ್ತಿದವನು ಆರಿಸಿಕೊಳ್ಳಲು ಕಡಲಿಗೆ ಹಾರಿದರೆ ಅದು ಬೇರೆ ಮಾತು, ಜೀವ ಮೊದಲು. ಗಾಯಕ್ಕೆ ಮದ್ದು ಅಂತ ಉಪ್ಪುನೀರು ಬೇಡ ಅನ್ನುವುದಷ್ಟೇ ನಾನು ಹೇಳುವುದು.

ಕಾರ್ಡಿಫ್ ಕನ್ನಡಿಗ:
ಉಪ್ಪುನೀರಿನ ಮಾತು ಬಂತಲ್ಲ, ಒಂದು ಇತಿಹಾಸ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಊರಿನ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೋ ಅನ್ನುವ ಸರ್ಜನ್ ಇದ್ದರು. ಸುಟ್ಟ ವಿಮಾನದಿಂದ ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ, ನೆಲಕ್ಕೆ ಬಿದ್ದವರ ಗಾಯಕ್ಕಿಂತ ಚೆನ್ನಾಗಿ ವಾಸಿಯಾಗುವುದನ್ನು ಅವರು ಗಮನಿಸಿದರು. ಅದರಿಂದ ಉಪ್ಪುನೀರಿನ ಸ್ನಾನ ಶುರುಮಾಡಿದರು. ಆದರೆ ಅದು ಆಸ್ಪತ್ರೆಯಲ್ಲಿ ಹದ ಮಾಡಿ, ಬೆಚ್ಚಗೆ ಇಟ್ಟ ನೀರು. ಹಾಗಾಗಿ ಭಾವನ ಮಾತಿನಲ್ಲೂ ಒಂದು ಎಳೆ ಸತ್ಯ ಇದೆ, ನರ್ಸ್ ಹೇಳಿದ್ದಂತೂ ಪೂರ್ತಿ ಸತ್ಯ.

ಮೆಕಿಂಡೋ ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಸುಟ್ಟ ಮುಖ, ಸುಟ್ಟ ಕೈಯ ಹುಡುಗರನ್ನು ವಾರ್ಡಿನಲ್ಲಿ ಮುಚ್ಚಿಡಲಿಲ್ಲ. ಊರೊಳಗೆ ಕಳಿಸಿದರು. ದುರುಗುಟ್ಟಿ ನೋಡಬೇಡಿ, ಮನೆಗೆ ಕರೆಯಿರಿ, ಮಾತಾಡಿಸಿ ಅಂತ ಊರವರಿಗೆ ಹೇಳಿದರು. ಆ ರೋಗಿಗಳೇ ಸೇರಿ 1941ರಲ್ಲಿ ಗಿನಿಪಿಗ್ ಕ್ಲಬ್ ಅಂತ ಒಂದು ಸಂಘ ಕಟ್ಟಿಕೊಂಡರು.

ನಾನಿರುವ ವೇಲ್ಸ್‌ನಲ್ಲಿ ಸೈಮನ್ ವೆಸ್ಟನ್ ಅಂತ ಒಬ್ಬರಿದ್ದಾರೆ. 1982ರ ಜೂನ್ 8ರಂದು ಬ್ರಿಟನ್, ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸರ್ ಗಲಹಾಡ್ ಹಡಗಿಗೆ ಬಾಂಬು ಬಿದ್ದು ಹೊತ್ತಿ ಉರಿದಾಗ ಅದರೊಳಗಿದ್ದ ಸೈನಿಕ. ಮೈಯ 46 ಶೇಕಡಾ ಸುಟ್ಟಿತ್ತು. ವರ್ಷಗಟ್ಟಲೆ ಒಂದರ ಮೇಲೊಂದು ಆಪರೇಷನ್. ಮನಸ್ಸು ಕುಸಿದು ಕುಡಿತಕ್ಕೆ ಬಿದ್ದದ್ದನ್ನೂ ಅವರು ಮುಚ್ಚಿಡದೆ ಹೇಳುತ್ತಾರೆ. ಇವತ್ತು ಇಲ್ಲಿ ಅವರನ್ನು ಅರಿಯದವರಿಲ್ಲ.

ಗಂಗೊಳ್ಳಿ ಹುಡುಗ:
ಯುದ್ಧದ ಕತೆ ಇರಲಿ. ಇಲ್ಲಿ ಕಲಾಸಿಗೆ ದುಡಿಮೆ ಬಿಟ್ಟು ವರ್ಷಗಟ್ಟಲೆ ಆಪರೇಷನ್ ಮಾಡಿಸಿಕೊಳ್ಳಲು ದುಡ್ಡು ಯಾರು ಕೊಡುತ್ತಾರೆ? ಅದನ್ನು ಹೇಳಿ.

ಹೊನ್ನಾವರ ಗಾಂವ್ಕರ್:
ಗಂಗೊಳ್ಳಿಯವರ ಪ್ರಶ್ನೆಯೇ ನನ್ನದೂ. ನಮ್ಮ ಕಡೆಯಿಂದ ಮಲ್ಪೆ, ಮಂಗಳೂರಿಗೆ ಬೋಟಿಗೆ ಹೋಗುವವರು ಎಷ್ಟೋ ಜನ. ನನ್ನ ತಮ್ಮನಿಗೆ ಇಂಜಿನ್ ರೂಮಿನಲ್ಲಿ ಡೀಸೆಲ್ ಪೈಪು ಒಡೆದು ಎರಡೂ ಕಾಲು ಸುಟ್ಟಿತು. ಮಾಲಕರು ಮೊದಲ ಬಿಲ್ಲು ಕಟ್ಟಿದರು. ಅಷ್ಟಕ್ಕೇ ಮುಗಿಯಿತು. ಮೊಣಕಾಲಿನ ಹಿಂದೆ ಚರ್ಮ ಬಿಗಿದು ಈಗ ಕಾಲು ನೆಟ್ಟಗೆ ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಫಿಸಿಯೋ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಮುಲಾಮು ಬರೆದುಕೊಟ್ಟು ಕಳಿಸಿದರು. ಸಿಟ್ಟು ಬರುತ್ತದೆ.

ಬೋಟು ಮಾಲಕ:
ಮಾಲಕರನ್ನೇ ಎಲ್ಲರೂ ದೂರುತ್ತೀರಿ. ಬೋಟು ಸುಟ್ಟರೆ ನಾವೂ ಬೀದಿಗೆ ಬೀಳುತ್ತೇವೆ, ಬ್ಯಾಂಕಿನ ಸಾಲ ಮಾತ್ರ ಸುಡುವುದಿಲ್ಲ. 2023ರ ನವೆಂಬರಿನಲ್ಲಿ ದೀಪಾವಳಿ ಹೊತ್ತಿಗೆ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳು ಸಾಲಾಗಿ ಸುಟ್ಟದ್ದು ನೆನಪಿದೆಯಲ್ಲ? ಅದಾಗಿ ವಾರ ಕಳೆಯುವುದರೊಳಗೆ ವಿಶಾಖಪಟ್ಟಣದ ಬಂದರಿನಲ್ಲೂ ಹಾಗೇ ಆಯಿತು. ಮಾಲಕರ ಪಾಡು ಯಾರು ಕೇಳಿದರು?

ಹೊನ್ನಾವರ ಗಾಂವ್ಕರ್:
ಬೋಟಿಗೆ ವಿಮೆ ಮಾಡಿಸಬಹುದು ಸ್ವಾಮಿ. ಹೊಸ ಬೋಟು ಬರುತ್ತದೆ. ನನ್ನ ತಮ್ಮನ ಕಾಲು ಬರುತ್ತದಾ?

ಬೋಟು ಮಾಲಕ:
ಅದು ಒಪ್ಪುತ್ತೇನೆ. ನೋವಾಗಿದ್ದರೆ ಕ್ಷಮಿಸಿ. ಆದರೆ ಕಲಾಸಿಗಳ ಹೆಸರು ನೋಂದಾಯಿಸಲು ಆಧಾರ್ ಕೊಡಿ ಅಂದರೆ ಕೊಡದವರೂ ಇದ್ದಾರೆ. ಒಂದು ಸೀಸನ್ ಇಲ್ಲಿ, ಮುಂದಿನ ಸೀಸನ್ ಇನ್ನೊಂದು ಬೋಟಿನಲ್ಲಿ. ಅದೂ ಒಂದು ಸಮಸ್ಯೆ.

ಕರಿಕೋಟು, ಕುಂದಾಪುರ:
ದುಡ್ಡಿನ ವಿಷಯ ಬಂದದ್ದರಿಂದ ನನಗೆ ತಿಳಿದದ್ದು ಹೇಳುತ್ತೇನೆ. ಜಗಳ ಆಮೇಲೆ ಮಾಡೋಣ.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಕಂತನ್ನು ಸರಕಾರವೇ ಕಟ್ಟುತ್ತದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ, ಅಪಘಾತವಾಗಿ ಆಸ್ಪತ್ರೆಗೆ ಸೇರಿದರೆ 25,000 ರೂಪಾಯಿ. ಅಪಘಾತದ ಹೊತ್ತಿಗೆ ನಿಮ್ಮ ಹೆಸರು ಅದರಲ್ಲಿತ್ತಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೋ ನಿಮ್ಮ ಸಹಕಾರ ಸಂಘದಲ್ಲೋ ವಿಚಾರಿಸಿ. ಕಲಾಸಿಗಳು ಸಂಘದ ಸದಸ್ಯರಲ್ಲ ಅಂತ ಸುಮ್ನೆ ಕೂರುವುದೇ ಜಾಸ್ತಿ.

ಎರಡನೆಯದು ನೌಕರರ ಪರಿಹಾರ ಕಾಯ್ದೆ, 1923ರದ್ದು, ನಿಮ್ಮ ಅಪಘಾತವಾದ 2021ರಲ್ಲಿ ಜಾರಿಯಲ್ಲಿದ್ದದ್ದು. ಅದರಲ್ಲಿ ಕ್ಲೇಮು ಹಾಕಲು ಅಪಘಾತವಾಗಿ ಎರಡು ವರ್ಷದ ಗಡುವು ಇತ್ತು. ದಾಟಿದ್ದರೆ ತಡವಾಗಲು ಸರಿಯಾದ ಕಾರಣ ತೋರಿಸಬೇಕು, ಒಪ್ಪುವುದು ಬಿಡುವುದು ಆಯುಕ್ತರಿಗೆ ಬಿಟ್ಟದ್ದು. ಕಲಾಸಿ ಪಾಲಿಗೆ ದುಡಿಯುತ್ತಾನೆ, ಅವನು ನೌಕರನೇ ಅಲ್ಲ ಅಂತ ಎದುರು ಕಡೆಯವರು ವಾದ ಮಾಡುತ್ತಾರೆ. ಹಾಗಾಗಿ ಬಟವಾಡೆ ಚೀಟಿ, ಬೋಟು ನಡೆಸುವ ತಂಡೇಲರ ಹೇಳಿಕೆ, ಬೋಟಿನಲ್ಲಿ ಹೋದದ್ದಕ್ಕೆ ಏನೇ ದಾಖಲೆ ಇದ್ದರೂ ಇಟ್ಟುಕೊಳ್ಳಿ. ವಕೀಲರ ಫೀಸಿಗೆ ಹೆದರಬೇಡಿ. ಅಂಗವೈಕಲ್ಯ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೋರ್ಟಿನ ಆವರಣದಲ್ಲೇ ಕಚೇರಿ ಇರುತ್ತದೆ.

ಮೂರನೆಯದು ಅಂಗವೈಕಲ್ಯದ ಪ್ರಮಾಣಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅಂಗವೈಕಲ್ಯದ 21 ಬಗೆ ಇವೆ. ಆಸಿಡ್ ದಾಳಿಗೆ ಒಳಗಾದವರದ್ದು ಅದರಲ್ಲಿ ಪ್ರತ್ಯೇಕವಾಗಿದೆ, ಬೆಂಕಿಯಲ್ಲಿ ಸುಟ್ಟವರದ್ದು ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಬೆಂಕಿಯಲ್ಲಿ ಸುಟ್ಟವರನ್ನು ಕೈಕಾಲಿನ ಚಲನೆ ಎಷ್ಟು ಕುಂದಿದೆ ಅಂತ ನೋಡಿ ಲೆಕ್ಕ ಹಾಕುತ್ತಾರೆ. 40 ಶೇಕಡಾ ದಾಟಿದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ.

ಶಾಂಭವಿ ತೀರ:
ಮುಖ ಸುಟ್ಟು ಕೈಕಾಲು ಸರಿ ಇದ್ದರೆ ಏನೂ ಸಿಗುವುದಿಲ್ಲ ಅಂತಾಯ್ತಾ? ಅಂಥವರಿಗೆ ಯಾರು ಕೆಲಸ ಕೊಡುತ್ತಾರೆ? ಇದು ದೊಡ್ಡ ಅನ್ಯಾಯ ಅಲ್ವಾ?

ಕೈಗುಣ, ಫಿಸಿಯೋಥೆರಪಿಸ್ಟ್:
ವಕೀಲರಾದ ಕರಿಕೋಟು ಹೇಳಿದ್ದರ ಜೊತೆಗೆ ಇದನ್ನೂ ಬರೆದಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಯೋಜನೆಯ ಪಟ್ಟಿಯಲ್ಲಿ ಸುಟ್ಟ ನಂತರದ ಚರ್ಮದ ಬಿಗಿತ ಬಿಡಿಸುವ ಆಪರೇಷನ್ ಇದೆ. ಸ್ಪ್ಲಿಂಟ್, ಪ್ರೆಶರ್ ಗಾರ್ಮೆಂಟ್, ಸಿಲಿಕಾನ್ ಶೀಟ್, ಫಿಸಿಯೋ ಎಲ್ಲ ಆ ಪ್ಯಾಕೇಜಿನ ಒಳಗೇ ಬರುತ್ತವೆ. ಬಹಳ ಜನರಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ, ಅಂದರೆ ರೆಫರಲ್ ಬರೆಸಿಕೊಳ್ಳಿ. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದರೆ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.

ತೆಂಕುಗಾಳಿ, ಮಲ್ಪೆ:
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿಷಯ ಒಂದೇ ಕಡೆ ನನಗೆ ಯಾರೂ ಹೇಳಿರಲಿಲ್ಲ. ಆಪರೇಷನ್ನಿನ ಜೊತೆ ಫಿಸಿಯೋ ಕೂಡ ಕಾರ್ಡಿನಲ್ಲೇ ಬರುತ್ತದೆ ಅನ್ನುವುದು ಇವತ್ತೇ ಗೊತ್ತಾದದ್ದು.

ಇನ್ನೊಂದು ಕೇಳುವುದಿತ್ತು. ರೇಷನ್ ಅಂಗಡಿಯಲ್ಲಿ ನನ್ನ ಬೆರಳು ಬರುವುದೇ ಇಲ್ಲ. ಬಲಗೈ ಬೆರಳುಗಳ ಗೆರೆ ಹೋಗಿದೆ. ಎಡಗೈ ಬೆರಳು ಬಲೆ ಕೆಲಸದಿಂದ ಸವೆದಿದೆ. ಹಿಂದೆ ಸಾಲು ನಿಂತಿರುತ್ತದೆ, ನಾನು ಬೆರಳು ಒರೆಸಿ ಒರೆಸಿ ಇಡುತ್ತಾ ಇರಬೇಕು. ಎಲ್ಲರೂ ಕೈಯನ್ನೇ ನೋಡುತ್ತಾರೆ.

ಸೇವಾಕೇಂದ್ರ ಕಟಪಾಡಿ:
@ತೆಂಕುಗಾಳಿ, ಆಧಾರ್ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. ಬೆರಳು ಬಾರದಿದ್ದರೆ ಕಣ್ಣಿನ ಪಾಪೆ, ಮುಖ, ಮೊಬೈಲಿಗೆ ಬರುವ ಓಟಿಪಿ, ಹೀಗೆ ಬೇರೆ ದಾರಿಗಳು ಆಧಾರ್‌ನಲ್ಲೇ ಇವೆ. ಮೊಬೈಲ್ ನಂಬರ್ ಲಿಂಕ್ ಆಗಿರಬೇಕು, ಅದನ್ನು ಮೊದಲು ನೋಡಿ. ಬೆರಳು ಬರಲಿಲ್ಲ ಅಂತ ಅಕ್ಕಿ ಕೊಡದೆ ಕಳಿಸುವುದು ತಪ್ಪು. ಹಾಗೆ ಮಾಡಿದರೆ ಆಹಾರ ಇಲಾಖೆಗೆ ಬರೆದು ಕೊಡಿ.

ಗಂಗೊಳ್ಳಿ ಹುಡುಗ:
ರೇಷನ್ ಅಕ್ಕಿ ಬಿಡಿ, ಈ ಸಲ ಬೂತಾಯಿ ರೇಟು ನೋಡಿದ್ರಾ? ಬಂಗುಡೆಯೂ ಸಿಗುತ್ತಿಲ್ಲ.

ದಕ್ಕೆ ಭಾವ:
ರಜೆ ಎರಡು ತಿಂಗಳು ಸಾಲದು, ಮೂರು ಮಾಡಬೇಕು. ಮರಿ ಮೀನು ಹಿಡಿದರೆ ಇನ್ನೇನಾಗುತ್ತದೆ?

ಬಿಳಿಸೆರಗು, ನರ್ಸ್:
ಅಣ್ಣಂದಿರೇ, ಮೀನಿನ ಮಾತು ಆಮೇಲೆ ಆಡೋಣ.

ಸೆಕೆಯ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಆಳವಾಗಿ ಸುಟ್ಟಾಗ ಬೆವರಿನ ಗ್ರಂಥಿಗಳೂ ಹೋಗುತ್ತವೆ. ಕಸಿ ಮಾಡಿದ ಚರ್ಮದಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಎಣ್ಣೆಯ ಗ್ರಂಥಿಗಳದ್ದೂ ಅದೇ ಕತೆ, ಅದಕ್ಕೇ ಚರ್ಮ ಒಣಗಿ ಬಿರಿಯುವುದು. ಇದು ಔಷಧಿಯಿಂದ ಸರಿಯಾಗುವುದಿಲ್ಲ, ನಿಭಾಯಿಸಬೇಕು ಅಷ್ಟೇ. ಮೈ ತಂಪಾಗಿಸುವ ಕೆಲಸ ಉಳಿದ ಚರ್ಮದ ಮೇಲೇ ಬೀಳುತ್ತದೆ, ಹಾಗಾಗಿ ಉಳಿದ ಕಡೆ ಬೆವರು ಜಾಸ್ತಿ. ನೀರು ಧಾರಾಳ ಕುಡಿಯಿರಿ. ಮಧ್ಯಾಹ್ನ 11ರಿಂದ 3ರವರೆಗೆ ಬಿಸಿಲಿಗೆ ಕೂರುವ ಕೆಲಸ ಬೇಡ. ಬಲೆ ರಿಪೇರಿ ನೆರಳಲ್ಲಿ ಮಾಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ತಕ್ಷಣ ತಂಪು ಜಾಗಕ್ಕೆ ಹೋಗಿ ಒದ್ದೆ ಬಟ್ಟೆ ಹಾಕಿಕೊಳ್ಳಿ. ಬಿಸಿಲಿಗೆ ಕಲೆ ಇನ್ನೂ ಕಪ್ಪಾಗುತ್ತದೆ, ಉದ್ದ ತೋಳಿನ ಹತ್ತಿ ಅಂಗಿ ಒಳ್ಳೆಯದು.

ತುರಿಕೆಗೆ ಅಲರ್ಜಿ ಮಾತ್ರೆಯಿಂದ ಆಗದಿದ್ದರೆ ನರಗಳ ಮೇಲೆ ಕೆಲಸ ಮಾಡುವ ಗಾಬಾಪೆಂಟಿನ್ ತರದ ಔಷಧಿಗಳನ್ನು ಡಾಕ್ಟರು ಕೊಡುತ್ತಾರೆ. ಮೆಡಿಕಲ್‌ನಲ್ಲಿ ನೀವೇ ಕೇಳಿ ತೆಗೆದುಕೊಳ್ಳಬೇಡಿ. ಡೋಸು ಮೆಲ್ಲಗೆ ಏರಿಸಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನು ಎಲ್ಲರಿಗೂ ಹೇಳುತ್ತೇನೆ. ಹಳೆ ಸುಟ್ಟ ಕಲೆಯ ಮೇಲೆ ಹುಣ್ಣಾಗಿ ವಾರಗಟ್ಟಲೆ ವಾಸಿಯಾಗದೆ ಉಳಿದರೆ, ಪದೇಪದೇ ಒಡೆದರೆ, ಅಂಚು ದಪ್ಪಗಾದರೆ ಡಾಕ್ಟರಿಗೆ ತೋರಿಸಿ, ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ. ಅಪರೂಪವಾದರೂ ಹಳೆ ಕಲೆಯಲ್ಲಿ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬರುವುದುಂಟು. ಬೇಗ ಗೊತ್ತಾದರೆ ಕೊಯ್ದು ತೆಗೆಯಬಹುದು. ನೀವು ರಾತ್ರಿ ಕೆರೆದು ರಕ್ತ ಬರಿಸಿಕೊಳ್ಳುತ್ತೀರಲ್ಲ, ಆ ಗಾಯ ವಾಸಿಯಾಗುತ್ತಿದೆಯಾ ಅಂತ ಹಗಲಲ್ಲಿ ನೋಡಿಕೊಳ್ಳಿ.

ತೆಂಕುಗಾಳಿ, ಮಲ್ಪೆ:
ನಮಸ್ಕಾರ. ನಾನು ಇವರ ಹೆಂಡತಿ, ಇವರ ಫೋನಿನಿಂದಲೇ ಬರೆಯುತ್ತಿದ್ದೇನೆ. ಓದಿದ್ದು ಇವರಿಗೆ ಗೊತ್ತಿದೆ.

ಬೋಟಿಗೆ ಹೋಗುವುದು ಬೇಡ ಅಂದವಳು ನಾನೇ. ಕೈ ಒಂದೇ ಕಾರಣ ಅಲ್ಲ. ಮನೆಯಲ್ಲಿ ಈಗಲೂ ಇವರು ಗ್ಯಾಸ್ ಒಲೆ ಹಚ್ಚುವುದಿಲ್ಲ. ಲೈಟರಿನ ಟಿಕ್ ಶಬ್ದ ಕೇಳಿದರೆ ಅಂಗಳಕ್ಕೆ ಹೋಗುತ್ತಾರೆ. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಮುಟ್ಟಿ ನೋಡುತ್ತಾರೆ, ಮತ್ತೆ ಎದ್ದು ಬಂದು ನೋಡುತ್ತಾರೆ. ಯಾರದ್ದಾದರೂ ಮದುವೆ ಅಂದರೆ ಮುಯ್ಯಿ ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಮಗಳ ಶಾಲೆಯ ಮೀಟಿಂಗಿಗೆ ಬರುವುದಿಲ್ಲ. ಹೀಗಿರುವವರು ಒಂದು ವಾರ ಕಡಲಲ್ಲಿ ಅದೇ ಕ್ಯಾಬಿನ್, ಅದೇ ಸಿಲಿಂಡರಿನ ಪಕ್ಕ ಮಲಗಲು ಆಗುತ್ತದಾ? ನನಗೆ ಇದಕ್ಕೆ ಉತ್ತರ ಬೇಕು. ಇವರು ಇದನ್ನು ಇಲ್ಲಿ ಬರೆಯಲೇ ಇಲ್ಲ.

ಶಾಂಭವಿ ತೀರ:
ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು.

ಮೌನರಾಗ, ಮಂಗಳೂರು:
ಅಮ್ಮ, ನಾನು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ನೀವು ಹೇಳಿದ್ದೆಲ್ಲ ಬೆಂಕಿಯಿಂದ ಪಾರಾದವರಲ್ಲಿ ನಾವು ನೋಡುವಂಥದ್ದೇ. ಅದು ಹೆದರಿಕೆಯ ಸ್ವಭಾವ ಅಲ್ಲ, ಹುಚ್ಚೂ ಅಲ್ಲ. ಆ ದಿನದ ನೆನಪು ಮಿದುಳಿನಲ್ಲಿ ಹಳತಾಗದೆ ಉಳಿದುಬಿಟ್ಟಿರುತ್ತದೆ. ವಾಸನೆ, ಶಬ್ದ ಬಂದ ಕೂಡಲೇ ಮೈ ಮೊದಲು ಓಡುತ್ತದೆ, ಯೋಚನೆ ಆಮೇಲೆ ಬರುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಫಲವೂ ಸಿಗುತ್ತದೆ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416, ಯಾವ ಹೊತ್ತಿಗೆ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರೂ ಇರುತ್ತಾರೆ.

ಕಡಲಿಗೆ ಹೋಗುವುದೋ ಬೇಡವೋ ಅನ್ನುವುದನ್ನು ಈಗಲೇ ತೀರ್ಮಾನ ಮಾಡಬೇಡಿ ಅನ್ನುತ್ತೇನೆ. ಮೊದಲು ಮನೆಯ ಒಲೆಯ ಪಕ್ಕ ನಿಲ್ಲುವಂತಾಗಲಿ. ಆಮೇಲೆ ನಿಲ್ಲಿಸಿದ ಬೋಟಿನ ಕ್ಯಾಬಿನ್ನಿನಲ್ಲಿ ಕೂರುವುದು. ಮೆಟ್ಟಿಲು ಮೆಟ್ಟಿಲಾಗಿ, ತಿಳಿದವರ ಜೊತೆಯಲ್ಲಿ.

ನಿವೃತ್ತ ತಂಡೇಲ:
ಮತ್ತೆ ಕಡಲಿಗೆ ಹೋದವರಿದ್ದೀರಾ ಅಂತ ಕೇಳಿದ್ದೀಯಲ್ಲ ತಮ್ಮಾ, ನಾನಿದ್ದೇನೆ. ನನಗೆ ಸುಟ್ಟದ್ದು ಬೆನ್ನು ಮತ್ತು ಎಡಗೈ. ಬೆರಳು ಸರಿ ಇತ್ತು, ಅದು ನನ್ನ ಪುಣ್ಯ. ಮತ್ತೆ ಹೋದೆ, ಆದರೆ ಹಗ್ಗ ಎಳೆಯುವ ಕೆಲಸಕ್ಕಲ್ಲ. ಚುಕ್ಕಾಣಿ ಹಿಡಿದೆ. ವೈರ್‌ಲೆಸ್, ಜಿಪಿಎಸ್, ನೀರಿನ ಆಳ ತೋರಿಸುವ ಎಕೋಸೌಂಡರ್ ನೋಡುವ ಕೆಲಸ. ಉಪ್ಪುನೀರು ಬಿದ್ದರೆ ಬಿರಿದ ಚರ್ಮ ಉರಿಯುತ್ತದೆ, ಸಿಹಿನೀರಿನಿಂದ ಒರೆಸಿ ಎಣ್ಣೆ ಹಚ್ಚುತ್ತಿದ್ದೆ. ಬಿಗಿ ಹಗ್ಗ ಜಾರಿದರೆ ಕಸಿಯ ಚರ್ಮ ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ನೆನಪಿಡು. ಹಿಡಿತ ಇಲ್ಲದ ಕೈಯಲ್ಲಿ ಬಲೆ ಎಳೆಯಲು ನಿಂತರೆ ನಿನಗೂ ಅಪಾಯ, ಪಕ್ಕದವನಿಗೂ ಅಪಾಯ. ನಿನ್ನ ಹೆಂಡತಿ ಹೇಳುವುದರಲ್ಲಿ ನ್ಯಾಯ ಇದೆ. ಈ ಆಗಸ್ಟು ಬೇಡ. ಕೈ ಮಾಡಿಸಿಕೋ. ಮುಂದಿನದ್ದು ಮುಂದೆ ನೋಡುವ.

ಇನ್ನೊಂದು, ಎಲ್ಲ ತಂಡೇಲರಿಗೂ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಬೋಟಿನ ಅಡಿಗೆ ಇಳಿದು ಅಲ್ಲೇ ಕೂರುತ್ತದೆ. ಸಿಲಿಂಡರನ್ನು ಕ್ಯಾಬಿನ್ನಿನ ಒಳಗೆ ಇಡಬೇಡಿ, ಹೊರಗೆ ಡೆಕ್ಕಿನ ಮೇಲೆ ಕಟ್ಟಿ ಇಡಿ. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಬುಡದಲ್ಲೇ ಬಂದ್ ಮಾಡಿ. ವಾಸನೆ ಬಂದರೆ ಸ್ವಿಚ್ಚನ್ನೂ ಮುಟ್ಟಬೇಡಿ. ಡೀಸೆಲ್ಲಿಗೆ ಹೊತ್ತಿದ ಬೆಂಕಿಗೆ ನೀರು ಎರಚಬೇಡಿ, ಪುಡಿಯ ಅಥವಾ ನೊರೆಯ ಎಕ್ಸ್‌ಟಿಂಗ್ವಿಷರ್ ಇಂಜಿನ್ ರೂಮಿನ ಬಾಗಿಲ ಹೊರಗೆ ಇಡಿ, ಒಳಗಲ್ಲ. ಕೋಸ್ಟ್ ಗಾರ್ಡ್ ನಂಬರ್ 1554, ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆದಿಡಿ.

ಬೋಟು ಮಾಲಕ:
ಇಂಜಿನ್ ರೂಮಿನ ಹೊರಗೆ ಅನ್ನುವುದು ಸರಿ. ನಮ್ಮದು ಒಳಗೇ ಇದೆ, ನಾಳೆಯೇ ಬದಲಿಸುತ್ತೇನೆ. ಕಲಾಸಿಗಳ ಹೆಸರನ್ನೂ ಈ ರಜೆಯಲ್ಲೇ ಕೂರಿಸಿಕೊಂಡು ನೋಂದಾಯಿಸುತ್ತೇನೆ.

ಕಾರ್ಡಿಫ್ ಕನ್ನಡಿಗ:
ಚರ್ಮದಾನದ ಬಗ್ಗೆ ಯಾರೂ ಹೇಳಲಿಲ್ಲ. ಕಣ್ಣಿನ ಹಾಗೆ ಚರ್ಮವನ್ನೂ ಸತ್ತ ಮೇಲೆ ಕೊಡಬಹುದು ಅಲ್ವಾ?

ಬಿಳಿಸೆರಗು, ನರ್ಸ್:
ಹೌದು, ಸತ್ತ ಆರು ಗಂಟೆಯೊಳಗೆ ತೆಗೆಯಬೇಕು. ಕಾಲು, ತೊಡೆ, ಬೆನ್ನಿನಿಂದ ತೆಳ್ಳಗಿನ ಪದರ ಮಾತ್ರ ತೆಗೆಯುವುದು, ದೇಹ ವಿಕಾರ ಆಗುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ಮೈ ತುಂಬ ಸುಟ್ಟವರಿಗೆ ಸ್ವಂತ ಚರ್ಮ ಸಾಲದಿದ್ದಾಗ ದಾನದ ಚರ್ಮ ಮುಚ್ಚಿ ಜೀವ ಉಳಿಸುತ್ತಾರೆ. ಅದು ಶಾಶ್ವತವಾಗಿ ಕೂರುವುದಿಲ್ಲ, ಆದರೆ ಆ ಕೆಲವು ವಾರ ಸೋಂಕು ತಡೆಯುತ್ತದೆ.

ತೆಂಕುಗಾಳಿ, ಮಲ್ಪೆ:
ಈಗ ನಾನೇ ಬರೆಯುತ್ತಿದ್ದೇನೆ. ಹೆಂಡತಿ ಬರೆದದ್ದು ನಿಜ. ತಂಡೇಲಣ್ಣ ಹೇಳಿದ ಹಾಗೆ ಈ ಸೀಸನ್ ಬಿಡುತ್ತೇನೆ. 14416ಕ್ಕೆ ನಿನ್ನೆ ರಾತ್ರಿ ಮಾತಾಡಿದೆ, ಮಾತಾಡಿದವರು ಆತುರ ಮಾಡಲಿಲ್ಲ. ಮಂಗಳವಾರ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಕೇಳುತ್ತೇನೆ. ಹಳೆ ಡಿಸ್ಚಾರ್ಜ್ ಚೀಟಿ ಬೇಕಾ? ಮಳೆಗೆ ನೆನೆದು ಅರ್ಧ ಅಳಿಸಿದೆ.

ಕೈಗುಣ, ಫಿಸಿಯೋಥೆರಪಿಸ್ಟ್:
ಅಳಿಸಿದ್ದರೂ ತೆಗೆದುಕೊಂಡು ಹೋಗಿ. ಆ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ನಕಲು ಕೇಳಬಹುದು. ವಿಮೆಗೂ ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಅದೇ ಬೇಕು, ಈಗಲೇ ತೆಗೆಸಿಡಿ. ಸರ್ಜನ್ ಹತ್ತಿರ ಎರಡು ಮಾತು ಕೇಳಿ. ಆಪರೇಷನ್ ಮುಗಿದ ಮೇಲೆ ಸ್ಪ್ಲಿಂಟ್ ಯಾರು ಮಾಡಿಕೊಡುತ್ತಾರೆ, ಫಿಸಿಯೋ ಎಲ್ಲಿ. ಕೈ ಮತ್ತು ಕುತ್ತಿಗೆ ಎರಡೂ ಇರುವುದರಿಂದ ಯಾವುದು ಮೊದಲು ಅಂತಲೂ ಅವರೇ ಹೇಳಲಿ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ಬೆರಳನ್ನು ಎಷ್ಟು ಬರುತ್ತದೋ ಅಷ್ಟೇ ಬಿಡಿಸಿ ಹಿಡಿಯಿರಿ, ಜೋರು ಮಾಡಬೇಡಿ.

ಹೊನ್ನಾವರ ಗಾಂವ್ಕರ್:
@ತೆಂಕುಗಾಳಿ, ನನ್ನ ತಮ್ಮನಿಗೂ ಇದೇ ದಾರಿ ಅನಿಸುತ್ತಿದೆ. ಅವನ ಕಾರ್ಡು ಉತ್ತರ ಕನ್ನಡದ್ದು, ಉಡುಪಿಯಲ್ಲಿ ನಡೆಯುತ್ತದಾ, ನಮ್ಮಲ್ಲೇ ರೆಫರಲ್ ಮಾಡಿಸಬೇಕಾ?

ಸೇವಾಕೇಂದ್ರ ಕಟಪಾಡಿ:
ಕಾರ್ಡು ಇಡೀ ರಾಜ್ಯಕ್ಕೆ ಒಂದೇ. ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ಮೊದಲು ತೋರಿಸಿ ರೆಫರಲ್ ಹಾಕಿಸಿಕೊಂಡು ಬನ್ನಿ, ಓಡಾಟ ಕಡಿಮೆಯಾಗುತ್ತದೆ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿಕೊಳ್ಳಿ.